ಹುಚ್ಚುನಾಯಿಯ ಕಡಿತವೂ ಮದ್ದಿನ ಮನೆಯ ದಾರಿಯೂ



ದೂರದ ಪ್ರಯಾಣಕ್ಕೆ ಹೊರಡುವವರು ಮುಂಚಿತವಾಗಿ ಎಷ್ಟೋ ಸಂಗತಿಗಳನ್ನು ಯೋಚಿಸಿಕೊಳ್ಳುತ್ತಾರೆ. ಬಟ್ಟೆಬರೆ, ಬುತ್ತಿ, ರೈಲಿನ ವೇಳೆ, ಇಳಿದುಕೊಳ್ಳುವ ಸ್ಥಳ, ಜ್ವರಕ್ಕೊಂದು ಮಾತ್ರೆ, ಇವೆಲ್ಲವೂ ಜ್ಞಾಪಕಕ್ಕೆ ಬರುತ್ತವೆ. ಆದರೆ ಹೋದ ಊರಿನಲ್ಲಿ ಒಂದು ನಾಯಿಯೋ ಕೋತಿಯೋ ಕಚ್ಚಿದರೆ ಆಗ ಮಾಡತಕ್ಕದ್ದೇನು ಎಂಬ ಯೋಚನೆ ಬರುವುದು ಅಪೂರ್ವ. ಬಂದರೂ ಅಪಶಕುನವೆಂದು ಅದನ್ನು ತಳ್ಳಿಹಾಕುವುದುಂಟು. ಕಚ್ಚಿದ ಮೇಲೆಯೂ, “ಗಾಯ ಚಿಕ್ಕದು, ಊರಿಗೆ ಹೋದ ಮೇಲೆ ನೋಡಿಕೊಂಡರಾಯಿತು” ಎಂದು ಪ್ರಯಾಣವನ್ನು ಮುಂದುವರಿಸುವವರು ಬಹಳ ಮಂದಿ. ಆ ಒಂದು ಮಾತಿನಿಂದ ಪ್ರಾಣ ಕಳೆದುಕೊಂಡವರ ಕಥೆಯನ್ನೂ, ಹಾಗೆ ತಡಮಾಡದೆ ಮದ್ದನ್ನು ಹುಡುಕಿಕೊಂಡು ಹೊರಟು ಬದುಕಿದವರ ಕಥೆಯನ್ನೂ ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇವೆ.

ನಾವು ವೈದ್ಯರಲ್ಲ; ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸುವವರು. ಹುಚ್ಚುನಾಯಿಯ ರೋಗವನ್ನು ಕುರಿತು ಮಾತನಾಡಲು ಇತಿಹಾಸದವರಿಗೆ ಏನು ಅಧಿಕಾರವೆಂದು ತಾವು ಕೇಳಬಹುದು. ಆದರೆ ಈ ರೋಗದ ಚರಿತ್ರೆಯನ್ನು ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಡಿತವಾದ ಕ್ಷಣದಿಂದ ಇಬ್ಬರು ಪ್ರಯಾಣಿಕರು ಏಕಕಾಲದಲ್ಲಿ ದಾರಿ ಹಿಡಿಯುತ್ತಾರೆ. ಒಂದು, ಗಾಯದಿಂದ ನರಗಳ ಮಾರ್ಗವಾಗಿ ಮೆದುಳಿನ ಕಡೆಗೆ ಹೊರಟ ವಿಷ; ಇನ್ನೊಬ್ಬ, ಮದ್ದಿನ ಮನೆಯ ಕಡೆಗೆ ಹೊರಡಬೇಕಾದ ಮನುಷ್ಯ. ಮೊದಲನೆಯದು ನಿಧಾನವಾಗಿ ನಡೆಯುತ್ತದೆ, ಆದರೆ ಎಲ್ಲಿಯೂ ತಂಗುವುದಿಲ್ಲ. ಎರಡನೆಯವನಿಗೆ ಒಂದು ಕಾಲದಲ್ಲಿ ಹೋಗಲು ಸ್ಥಳವೇ ಇರಲಿಲ್ಲ. ಆಮೇಲೆ ಸಾವಿರಾರು ಮೈಲಿಗಳ ದಾರಿಯಿತ್ತು. ಈಗ ಆ ದಾರಿ ಬಹಳ ಕಿರಿದಾಗಿದೆ. ದಾರಿ ಕಿರಿದಾದ ಬಗೆಯೇ ಈ ರೋಗದ ಚಿಕಿತ್ಸೆಯ ಇತಿಹಾಸ.

ಈ ವ್ಯಾಧಿ ನಮ್ಮ ದೇಶದ ವೈದ್ಯರಿಗೆ ಬಹು ಪ್ರಾಚೀನ ಕಾಲದಿಂದ ತಿಳಿದದ್ದು. ಹುಚ್ಚು ಹಿಡಿದ ನಾಯಿಗೆ ಸಂಸ್ಕೃತದಲ್ಲಿ ‘ಅಲರ್ಕ’ವೆಂದು ಹೆಸರು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಅಂಥ ಪ್ರಾಣಿಯ ಲಕ್ಷಣಗಳೂ ಅದರಿಂದ ಕಡಿಸಿಕೊಂಡವನ ಅವಸ್ಥೆಯೂ ವರ್ಣಿತವಾಗಿವೆ. ನೀರನ್ನು ಕಂಡು ಬೆದರುವ ಸ್ಥಿತಿಗೆ ‘ಜಲತ್ರಾಸ’ವೆಂದು ಅಲ್ಲಿ ಹೆಸರಿಟ್ಟು, ಆ ಸ್ಥಿತಿ ಬಂದವನು ಬದುಕುವುದಿಲ್ಲವೆಂದು ಹೇಳಿದೆ. ಕಡಿತದ ಜಾಗದಿಂದ ರಕ್ತವನ್ನು ಹಿಂಡಿ, ಕಾಯಿಸಿದ ತುಪ್ಪದಿಂದ ಗಾಯವನ್ನು ಸುಡಬೇಕೆಂಬುದು ಅಲ್ಲಿನ ಚಿಕಿತ್ಸೆ. ರೋಮಿನಲ್ಲಿ ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ಸೆಲ್ಸಸ್ ಎಂಬ ಗ್ರಂಥಕಾರನೂ ಗಾಯವನ್ನು ಸುಡುವುದನ್ನೇ ಹೇಳಿದ್ದಾನೆ. ಜಲಭೀತಿ ಬಂದ ಮೇಲಂತೂ, ರೋಗಿಯನ್ನು ಅವನಿಗೆ ತಿಳಿಯದಂತೆ ಕೊಳಕ್ಕೆ ತಳ್ಳುವುದೊಂದೇ ಉಪಾಯವೆಂದು ಆತನ ಮತ. ಇಬ್ಬರೂ ಒಂದು ವಿಷಯದಲ್ಲಿ ಒಪ್ಪುತ್ತಾರೆ: ಮಾಡಬೇಕಾದದ್ದನ್ನು ಗಾಯದ ಬಾಯಲ್ಲಿಯೇ, ಕೂಡಲೇ ಮಾಡಬೇಕು, ನೀರಿನ ಭಯ ಹುಟ್ಟಿದ ಮೇಲೆ ವೈದ್ಯನ ಕೈ ಸೋತಂತೆಯೇ.

ಮುಂದೆ ಹದಿನೆಂಟು ನೂರು ವರ್ಷಗಳ ಕಾಲ ಕಾದ ಕಬ್ಬಿಣವೇ ಈ ರೋಗಕ್ಕೆ ಮದ್ದಾಗಿತ್ತು. ೧೮೩೧ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ಆರ್ಬ್ವಾ ಎಂಬ ಸಣ್ಣ ಊರಿನ ಸುತ್ತಮುತ್ತ ಒಂದು ಹುಚ್ಚುತೋಳ ಅನೇಕರನ್ನು ಕಚ್ಚಿತು. ಕಚ್ಚಿಸಿಕೊಂಡವರನ್ನು ಕಮ್ಮಾರನ ಕುಲುಮೆಗೆ ಕರೆತಂದು, ಕೆಂಪಗೆ ಕಾದ ಸಲಾಕೆಯಿಂದ ಗಾಯಗಳಿಗೆ ಬರೆ ಹಾಕಿದರು. ಆ ಊರಿನಲ್ಲಿ ಚರ್ಮ ಹದಮಾಡುವವನ ಮಗನಾದ ಎಂಟು ವರ್ಷದ ಬಾಲಕನೊಬ್ಬನು ಈ ದೃಶ್ಯದಿಂದ ಬಹುವಾಗಿ ಬೆದರಿದನು. ಅವನ ಹೆಸರು ಲೂಯಿ ಪಾಶ್ಚರ್. ಅವನನ್ನು ಮುಂದೆ ಮತ್ತೆ ಕಾಣುವೆವು.

ಅದಕ್ಕೆ ಮೊದಲು ಪ್ರಯಾಣಿಕನೊಬ್ಬನ ಕಥೆಯನ್ನು ಹೇಳಬೇಕು. ಈತನು ಸಾಮಾನ್ಯನಲ್ಲ; ರಿಚ್‌ಮಂಡಿನ ನಾಲ್ಕನೆಯ ಡ್ಯೂಕ್ ಆದ ಚಾರ್ಲ್ಸ್ ಲೆನಕ್ಸ್. ವಾಟರ್ಲೂ ಯುದ್ಧಕ್ಕೆ ಮೂರು ದಿನ ಮುಂಚೆ ಬ್ರಸೆಲ್ಸ್ ನಗರದಲ್ಲಿ ಪ್ರಸಿದ್ಧವಾದ ನೃತ್ಯೋತ್ಸವವನ್ನು ನಡೆಸಿದವಳು ಈತನ ಪತ್ನಿಯೇ. ಈತನು ಬ್ರಿಟಿಷ್ ಉತ್ತರ ಅಮೆರಿಕದ ಗವರ್ನರ್ ಜನರಲ್ ಆಗಿ, ೧೮೧೯ನೆಯ ಇಸವಿಯ ಬೇಸಗೆಯಲ್ಲಿ ಕೆನಡಾ ದೇಶದ ಒಳನಾಡನ್ನು ಸುತ್ತಿ ನೋಡಲು ಹೊರಟನು. ದಾರಿಯಲ್ಲಿ ಒಂದು ಸಾಕಿದ ನರಿ ಈತನ ಕೈಯನ್ನು ಕಚ್ಚಿತು. ಗಾಯ ಸಣ್ಣದು, ಬೇಗ ಮಾಯಿತು. ಡ್ಯೂಕನು ಅದನ್ನು ಮರೆತು ಸಂಚಾರವನ್ನು ಮುಂದುವರಿಸಿದನು. ಎರಡು ತಿಂಗಳ ತರುವಾಯ, ಕಾಡುದಾರಿಯಲ್ಲಿ ಹೊಸ ಹಳ್ಳಿಗಳನ್ನು ನೋಡಿಕೊಂಡು ಹೋಗುತ್ತಿದ್ದಾಗ, ಪಾನೀಯವನ್ನು ನುಂಗಲು ಕಷ್ಟವಾಯಿತು; ನೀರನ್ನು ಕಂಡರೆ ದೇಹ ನಡುಗಿತು; ದೋಣಿಯಲ್ಲಿ ಕುಳಿತಿರಲಾರದೆ ಹೋದನು. ಆಗಸ್ಟ್ ೨೮ನೆಯ ತಾರೀಖು, ತನ್ನ ಬಿರುದಿನ ಹೆಸರನ್ನೇ ಇಟ್ಟುಕೊಂಡಿದ್ದ ರಿಚ್‌ಮಂಡ್ ಎಂಬ ಹಳ್ಳಿಯ ಸಮೀಪದಲ್ಲಿ ಪ್ರಾಣ ಬಿಟ್ಟನು.

ಅಧಿಕಾರವಿತ್ತು, ಐಶ್ವರ್ಯವಿತ್ತು, ವೈದ್ಯರಿದ್ದರು. ಮದ್ದು ಮಾತ್ರ ಪ್ರಪಂಚದಲ್ಲಿ ಎಲ್ಲಿಯೂ ಇರಲಿಲ್ಲ. ಆದರೂ ಈ ಮರಣದಲ್ಲಿ ಎರಡು ಪಾಠಗಳಿವೆ. ಮಾಯ್ದ ಗಾಯ ವಾಸಿಯಾದ ಗಾಯವೆಂದು ತಿಳಿಯಬಾರದು; ಸಾಕಿದ ಪ್ರಾಣಿ ನಿರಪಾಯವೆಂದು ನಂಬಬಾರದು. ಮೂರನೆಯ ಸಂಗತಿಯೊಂದು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಕಡಿತಕ್ಕೂ ರೋಗಕ್ಕೂ ನಡುವೆ ಎರಡು ತಿಂಗಳ ಅವಧಿಯಿತ್ತಷ್ಟೆ. ಆ ಅವಧಿಯಲ್ಲಿ ವಿಷ ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬ ಪ್ರಶ್ನೆಯಲ್ಲಿಯೇ ಚಿಕಿತ್ಸೆಯ ಬೀಜವಿದ್ದಿತು.

ಆ ಪ್ರಶ್ನೆಗೆ ಉತ್ತರ ಮೆಲ್ಲಮೆಲ್ಲಗೆ ದೊರೆಯಿತು. ೧೮೦೪ರಲ್ಲಿಯೇ ಜರ್ಮನಿಯ ಜಿಂಕೆ ಎಂಬಾತನು ಹುಚ್ಚುನಾಯಿಯ ಜೊಲ್ಲನ್ನು ಆರೋಗ್ಯವಂತ ನಾಯಿಯ ಗಾಯಕ್ಕೆ ಸವರಿ ರೋಗವು ಜೊಲ್ಲಿನಿಂದ ಹರಡುತ್ತದೆಂದು ತೋರಿಸಿದ್ದನು. ೧೮೭೯ರಲ್ಲಿ ಲಿಯೋನ್ ನಗರದ ಪಶುವೈದ್ಯಶಾಲೆಯ ಗಾಲ್ಟಿಯೇ ಎಂಬ ಉಪಾಧ್ಯಾಯನು ರೋಗವನ್ನು ಮೊಲಗಳಿಗೆ ದಾಟಿಸಿ ಪರೀಕ್ಷಿಸುವ ಮಾರ್ಗವನ್ನು ತೋರಿದನು. ಅನಂತರ ಪಾಶ್ಚರನೂ ಆತನ ಸಹೋದ್ಯೋಗಿಯಾದ ಎಮಿಲ್ ರೂ ಎಂಬಾತನೂ ರೋಗದ ನೆಲೆ ಮೆದುಳು ಮತ್ತು ಬೆನ್ನುಹುರಿಯೆಂದು ನಿಶ್ಚಯಿಸಿಕೊಂಡು, ರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ಸೀಸೆಯೊಳಗೆ ಒಣಗಾಳಿಯಲ್ಲಿ ತೂಗುಹಾಕಿದರು. ದಿನಗಳು ಕಳೆದಂತೆ ಅದರ ವಿಷ ಕುಗ್ಗುತ್ತ ಬಂದು, ಸುಮಾರು ಹದಿನೈದು ದಿನಗಳಲ್ಲಿ ಪೂರ್ತಿ ಶಾಂತವಾಯಿತು. ಮೊದಲು ಹಳೆಯ ಹುರಿಯ ರಸವನ್ನೂ ಆಮೇಲೆ ದಿನದಿನಕ್ಕೆ ಹೊಸದರ ರಸವನ್ನೂ ನಾಯಿಗಳಿಗೆ ಚುಚ್ಚುತ್ತ ಹೋದರೆ, ಕೊನೆಗೆ ಅವು ಉಗ್ರವಾದ ವಿಷವನ್ನೂ ತಡೆದುಕೊಳ್ಳುವುವೆಂದು ಕಂಡುಬಂದಿತು. ಕಡಿತದ ವಿಷ ಮೆದುಳನ್ನು ಮುಟ್ಟಲು ವಾರಗಳು ಹಿಡಿಯುವುದಾದರೆ, ಕಡಿತವಾದ ಮೇಲೆಯೂ ಈ ಕ್ರಮದಿಂದ ದೇಹವನ್ನು ಸಿದ್ಧಗೊಳಿಸಿ ವಿಷವನ್ನು ದಾರಿಯಲ್ಲಿಯೇ ಅಡ್ಡಗಟ್ಟಬಹುದಲ್ಲವೇ? ಪಾಶ್ಚರನ ಊಹೆ ಇದು.

ಆ ಊಹೆಯನ್ನು ಪರೀಕ್ಷೆಗೆ ಒಡ್ಡಿದವನು ಒಬ್ಬ ಬಾಲಕ. ೧೮೮೫ನೆಯ ಇಸವಿ ಜುಲೈ ೪ನೆಯ ತಾರೀಖು ಆಲ್ಸೇಸ್ ಸೀಮೆಯಲ್ಲಿ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು ಒಂದು ನಾಯಿ ಕೆಡವಿಕೊಂಡು ಕೈಕಾಲು ತೊಡೆಗಳಲ್ಲಿ ಹದಿನಾಲ್ಕು ಕಡೆ ಕಚ್ಚಿತು. ಹನ್ನೆರಡು ಗಂಟೆಗಳ ಮೇಲೆ ಸ್ಥಳದ ವೈದ್ಯನು ಕಾರ್ಬಾಲಿಕ್ ಆಮ್ಲದಿಂದ ಗಾಯಗಳನ್ನು ಸುಟ್ಟನು. ಆಗ ಆಲ್ಸೇಸ್ ಜರ್ಮನಿಯ ವಶದಲ್ಲಿತ್ತು. ತಾಯಿ ಮಗನನ್ನು ಕರೆದುಕೊಂಡು ಗಡಿ ದಾಟಿ, ಜುಲೈ ೬ರಂದು ಪ್ಯಾರಿಸ್ಸಿನಲ್ಲಿ ಪಾಶ್ಚರನ ಬಾಗಿಲಿಗೆ ಬಂದಳು. ನಾಯಿಯ ಒಡೆಯನೂ ಅವರೊಡನೆ ಬಂದಿದ್ದನು.

ಪಾಶ್ಚರನು ವೈದ್ಯನಲ್ಲ, ರಸಾಯನಶಾಸ್ತ್ರಜ್ಞ. ಮನುಷ್ಯರಿಗೆ ಸೂಜಿ ಚುಚ್ಚುವ ಅಧಿಕಾರ ಆತನಿಗಿರಲಿಲ್ಲ. ವುಲ್ಪಿಯಾನ್, ಗ್ರಾಂಶೇ ಎಂಬ ಇಬ್ಬರು ವೈದ್ಯರು ಹುಡುಗನನ್ನು ನೋಡಿ, ಹಾಗೆಯೇ ಬಿಟ್ಟರೆ ಇವನ ಮರಣ ಬಹುಮಟ್ಟಿಗೆ ನಿಶ್ಚಯವೆಂದು ಅಭಿಪ್ರಾಯಪಟ್ಟರು. ಅಂದು ರಾತ್ರಿ ಎಂಟು ಗಂಟೆಗೆ, ಕಡಿತವಾಗಿ ಅರುವತ್ತು ಗಂಟೆಗಳ ಮೇಲೆ, ಗ್ರಾಂಶೇ ಮೊದಲನೆಯ ಚುಚ್ಚುಮದ್ದನ್ನು ಹಾಕಿದನು. ಹತ್ತು ದಿನಗಳಲ್ಲಿ ಹದಿಮೂರು ಚುಚ್ಚುಮದ್ದುಗಳಾದವು. ಕೊನೆಯದು ಅತ್ಯುಗ್ರವಾದ ವಿಷ. ಹುಡುಗನು ಬದುಕಿದನು. ಪಾಶ್ಚರನ ಕೈಬರಹದ ದಿನಚರಿಗಳನ್ನು ಶೋಧಿಸಿದ ಇತ್ತೀಚಿನ ಇತಿಹಾಸಕಾರರು, ಮೈಸ್ಟರನಿಗೆ ಕೊಟ್ಟ ಕ್ರಮವೇ ನಾಯಿಗಳ ಮೇಲೆ ಸಂಪೂರ್ಣವಾಗಿ ಪರೀಕ್ಷಿತವಾಗಿರಲಿಲ್ಲವೆಂದು ತೋರಿಸಿದ್ದಾರೆ. ಅದು ಸಾಹಸವೇ ಸರಿ. ಆದರೆ ತಾಯಿಯೂ ಎರಡನೆಯ ದಿನದ ಕೊನೆಯೊಳಗೆ ಬಾಗಿಲು ತಟ್ಟಿದ್ದಳು. ಆ ತ್ವರೆ ಇಲ್ಲದಿದ್ದರೆ ಆತನ ಸಾಹಸಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಅದೇ ವರ್ಷದ ಇನ್ನೆರಡು ಪ್ರಸಂಗಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಅಕ್ಟೋಬರ್ ೧೪ರಂದು ಜುರಾ ಸೀಮೆಯಲ್ಲಿ ಜುಪೀಲ್ ಎಂಬ ಹದಿನೈದು ವರ್ಷದ ಕುರಿಕಾಯುವ ಹುಡುಗನು, ತನಗಿಂತ ಚಿಕ್ಕವರ ಮೇಲೆ ಎರಗಿದ ಹುಚ್ಚುನಾಯಿಗೆ ತಾನೇ ಅಡ್ಡ ಬಂದು ಹೋರಾಡಿ ಕಚ್ಚಿಸಿಕೊಂಡನು. ಆರು ದಿನಗಳ ಮೇಲೆ ಅವನಿಗೆ ಪ್ಯಾರಿಸ್ಸಿನಲ್ಲಿ ಚಿಕಿತ್ಸೆ ಮೊದಲಾಯಿತು, ಅವನು ಬದುಕಿದನು. ಅದೇ ತಿಂಗಳು ೩ರಂದು ಲೂಯಿಸ್ ಪೆಲ್ಟಿಯೇ ಎಂಬ ಹತ್ತು ವರ್ಷದ ಹುಡುಗಿಯ ತಲೆಯನ್ನು ನಾಯಿ ಕಚ್ಚಿತ್ತು. ಅವಳನ್ನು ಪಾಶ್ಚರನ ಬಳಿಗೆ ತಂದದ್ದು ನವೆಂಬರ್ ೯ರಂದು, ಮೂವತ್ತೇಳು ದಿನಗಳ ಮೇಲೆ. ಕಾಲ ಮೀರಿತೆಂದು ಆತನಿಗೆ ಗೊತ್ತಿತ್ತು. ಮಗು ಸತ್ತರೆ ಚಿಕಿತ್ಸೆಗೇ ಅಪಕೀರ್ತಿ ಬರುವುದೆಂದೂ ಗೊತ್ತಿತ್ತು. ಆದರೂ ತಂದೆತಾಯಿಗಳ ಮುಖ ನೋಡಿ ಒಪ್ಪಿಕೊಂಡನು. ಡಿಸೆಂಬರಿನ ಮೊದಲ ವಾರದಲ್ಲಿ ಮಗು ಕಣ್ಮುಚ್ಚಿತು. ಮದ್ದು ಅದೇ, ವೈದ್ಯನು ಅವನೇ, ಊರು ಅದೇ. ಬೇರೆಯಾದದ್ದು ಎರಡೇ: ಕಳೆದುಹೋದ ದಿನಗಳು, ಮತ್ತು ಕಡಿತದ ಸ್ಥಾನ. ತಲೆಯಿಂದ ಮೆದುಳಿಗೆ ವಿಷದ ದಾರಿ ಬಹು ಹತ್ತಿರ.

ಪ್ಯಾರಿಸ್ಸಿನ ವಾರ್ತೆ ಹರಡಿದಂತೆ ಜನ ಎಲ್ಲೆಲ್ಲಿಂದಲೋ ಹೊರಟರು. ಆ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಆರ್ಕ್ ಊರಿನಲ್ಲಿ ನಾಯಿ ಕಚ್ಚಿದ ನಾಲ್ವರು ಹುಡುಗರನ್ನು, ಸಾರ್ವಜನಿಕರು ಚಂದಾ ಎತ್ತಿದ ಹಣದಿಂದ, ಅಟ್ಲಾಂಟಿಕ್ ಸಮುದ್ರವನ್ನು ದಾಟಿಸಿ ಪ್ಯಾರಿಸ್ಸಿಗೆ ಕಳುಹಿಸಿದರು. ಅವರು ಕ್ಷೇಮವಾಗಿ ಹಿಂದಿರುಗಿದ ಮೇಲೆ ಜನ ಕಾಸು ಕೊಟ್ಟು ಅವರನ್ನು ಪ್ರದರ್ಶನಶಾಲೆಗಳಲ್ಲಿ ನೋಡಿದರು.

ಹುಚ್ಚುನಾಯಿ ಕಚ್ಚಿದವರೆಲ್ಲರಿಗೂ ರೋಗ ಬರುವುದಿಲ್ಲವಾದ್ದರಿಂದ, ಬದುಕಿದವರು ಮದ್ದಿನಿಂದಲೇ ಬದುಕಿದರೆಂದು ಹೇಗೆ ನಂಬುವುದೆಂದು ಆಕ್ಷೇಪಿಸುವವರಿದ್ದರು. ಅವರಿಗೆ ಉತ್ತರ ರಷ್ಯದಿಂದ ಬಂದಿತು. ೧೮೮೬ರ ಮಾರ್ಚ್ ತಿಂಗಳಲ್ಲಿ ಸ್ಮೊಲೆನ್ಸ್ಕ್ ಪ್ರಾಂತದ ಹತ್ತೊಂಬತ್ತು ಮಂದಿ ರೈತರು ಪ್ಯಾರಿಸ್ಸಿಗೆ ಬಂದಿಳಿದರು. ಅವರನ್ನು ಕಚ್ಚಿದ್ದು ಹುಚ್ಚುತೋಳ. ಅದರ ಕಡಿತ ನಾಯಿಯದಕ್ಕಿಂತ ಎಷ್ಟೋ ಪಾಲು ಘೋರ. ಕಡಿತವಾಗಿ ಆಗಲೇ ಎರಡು ವಾರಗಳಾಗಿದ್ದುವು. ಐವರ ಗಾಯಗಳಂತೂ ನೇರವಾಗಿ ಆಸ್ಪತ್ರೆಗೆ ಸೇರಿಸಬೇಕಾದಷ್ಟು ಭಯಂಕರವಾಗಿದ್ದುವು. ಅವರಿಗೆ ಗೊತ್ತಿದ್ದ ಫ್ರೆಂಚ್ ಮಾತು ‘ಪಾಶ್ಚರ್’ ಎಂಬುದೊಂದೇ ಎಂದು ಹೇಳುತ್ತಾರೆ. ಕಳೆದುಹೋದ ಕಾಲವನ್ನು ಹಿಂದಕ್ಕೆ ಪಡೆಯುವವನಂತೆ ಪಾಶ್ಚರನು ದಿನಕ್ಕೆ ಎರಡು ಬಾರಿ ಮದ್ದು ಚುಚ್ಚಿಸಿದನು. ಮೂವರು ಸತ್ತರು, ಹದಿನಾರು ಮಂದಿ ತಮ್ಮ ಊರಿಗೆ ಹಿಂದಿರುಗಿದರು. ತೋಳ ಕಚ್ಚಿದ ಅಷ್ಟು ಮಂದಿಯಲ್ಲಿ ಇಷ್ಟು ಜನ ಉಳಿಯುವುದು ಅದುವರೆಗೆ ಯಾರೂ ಕಾಣದ ಸಂಗತಿ.

ಆದರೆ ಈ ಕಥೆಯೇ ಇನ್ನೊಂದು ಸತ್ಯವನ್ನೂ ಹೇಳಿತು. ಪ್ರಪಂಚಕ್ಕೆಲ್ಲ ಒಂದೇ ಮದ್ದಿನ ಮನೆ ಸಾಲದು. ಆ ಮಾರ್ಚಿ ಒಂದನೆಯ ತಾರೀಖಿನೊಳಗೆ ಪಾಶ್ಚರನು ೩೫೦ ಮಂದಿಗೆ ಚಿಕಿತ್ಸೆ ಮಾಡಿದ್ದನು. ಸತ್ತವಳು ಪೆಲ್ಟಿಯೇ ಒಬ್ಬಳೇ. ಆತನು ಇದಕ್ಕಾಗಿಯೇ ಒಂದು ಸಂಸ್ಥೆ ಬೇಕೆಂದು ಕೇಳಿಕೊಂಡಾಗ ದೇಶದೇಶಗಳಿಂದ ಹಣ ಬಂದು, ೧೮೮೮ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ತೆರೆಯಿತು. ಅದಕ್ಕೂ ಮೊದಲೇ, ೧೮೮೬ರಲ್ಲಿ, ರಷ್ಯದವರು ಒಡೆಸ್ಸಾ ನಗರದಲ್ಲಿ ತಮ್ಮದೇ ಚಿಕಿತ್ಸಾಲಯವನ್ನು ಸ್ಥಾಪಿಸಿಕೊಂಡಿದ್ದರು.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಇಂಡಿಯಾದಲ್ಲಿ ಹುಚ್ಚುನಾಯಿ ಕಚ್ಚಿದ ಬ್ರಿಟಿಷ್ ಸೈನಿಕರನ್ನು ಹಡಗು ಹತ್ತಿಸಿ ಪ್ಯಾರಿಸ್ಸಿಗೆ ಕಳುಹಿಸುತ್ತಿದ್ದರು. ಹಾಗೆ ಹೋಗುವ ಅನುಕೂಲ ನಾಡಿನ ರೈತನಿಗೆಲ್ಲಿಯದು? ೧೯೦೦ನೆಯ ಇಸವಿಯಲ್ಲಿ ಸಿಮ್ಲಾ ಸೀಮೆಯ ಕಸೌಲಿ ಎಂಬ ಬೆಟ್ಟದೂರಿನಲ್ಲಿ ಡೇವಿಡ್ ಸೆಂಪಲ್ ಎಂಬ ಸೇನಾವೈದ್ಯನ ಮೇಲ್ವಿಚಾರಣೆಯಲ್ಲಿ ಇಂಡಿಯಾದ ಮೊದಲ ಪಾಶ್ಚರ್ ಸಂಸ್ಥೆ ಏರ್ಪಟ್ಟಿತು. ಆದರೆ ಬೆಂಗಳೂರಿನಿಂದ ಕಸೌಲಿಗೆ ಸಾವಿರದೈನೂರು ಮೈಲಿಗೂ ಮಿಕ್ಕ ದಾರಿ. ದಕ್ಷಿಣದವರಿಗೆ ಅದು ಇದ್ದೂ ಇಲ್ಲದಂತೆಯೇ. ಆದಕಾರಣ ೧೯೦೭ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಇಂಡಿಯಾದ ಪಾಶ್ಚರ್ ಸಂಸ್ಥೆ ಪ್ರಾರಂಭವಾಯಿತು. ಅಮೆರಿಕದ ಧನಿಕನಾದ ಹೆನ್ರಿ ಫಿಪ್ಸ್ ಎಂಬಾತನು ಲಾರ್ಡ್ ಕರ್ಜನ್ನರಿಗೆ ಒಪ್ಪಿಸಿದ ದಾನದ್ರವ್ಯದ ಒಂದು ಭಾಗ ಇದಕ್ಕೆ ವಿನಿಯೋಗವಾಯಿತು.

ಕೂನೂರು ನಮ್ಮವರಿಗೆ ಪರಿಚಿತವಾದ ಹೆಸರು. ಹುಚ್ಚುನಾಯಿ ಕಚ್ಚಿತೆಂದರೆ ಕೂನೂರಿಗೆ ಹೋಗಬೇಕೆಂಬ ಮಾತು ಹಳೆಯ ಮೈಸೂರು ಸಂಸ್ಥಾನದ ಮನೆಮನೆಗಳಲ್ಲಿಯೂ ಇದ್ದಿತು. ಬೆಂಗಳೂರಿನವರು ಜಾಲಾರಪೇಟೆ, ಈರೋಡುಗಳ ಮೇಲೆ ಮೆಟ್ಟುಪಾಳ್ಯಕ್ಕೆ ಹೋಗಿ, ಅಲ್ಲಿ ೧೮೯೯ರಲ್ಲಿ ತೆರೆದಿದ್ದ ಬೆಟ್ಟದ ಹಲ್ಲುಕಂಬಿಯ ರೈಲನ್ನು ಹತ್ತಬೇಕಾಗಿತ್ತು. ಮೈಸೂರಿನವರಿಗೆ ಗುಂಡ್ಲುಪೇಟೆಯಿಂದ ಕಾಡು ಹಾದು ಉದಕಮಂಡಲಕ್ಕೆ ಏರುವ ರಸ್ತೆಯಿತ್ತು. ದಾರಿಯ ಖರ್ಚು, ಎರಡು ಮೂರು ವಾರ ಪರಸ್ಥಳದ ವಾಸ, ಅಭ್ಯಾಸವಿಲ್ಲದ ಚಳಿ, ಬಿಟ್ಟುಬಂದ ಹೊಲಮನೆಗಳ ಚಿಂತೆ, ಇವನ್ನೆಲ್ಲ ಲೆಕ್ಕ ಹಾಕಿ ಹೊರಡಲು ಹಿಂದೆಮುಂದೆ ನೋಡಿದವರನ್ನು ನಾವು ಈಗ ಕುಳಿತಲ್ಲಿ ದೂಷಿಸುವುದು ನ್ಯಾಯವಲ್ಲ. ಅಂದಿನ ವಿಳಂಬಕ್ಕೆ ಬಡತನವೂ ದೂರವೂ ಕಾರಣವಾಗಿದ್ದುವು.

ದೂರವನ್ನು ಗೆದ್ದದ್ದು ಸೆಂಪಲನ ಇನ್ನೊಂದು ಕೆಲಸ. ಪಾಶ್ಚರನ ಮದ್ದು ಬದುಕಿದ ವಿಷದಿಂದ ದಿನದಿನವೂ ಹೊಸದಾಗಿ ತಯಾರಾಗಬೇಕಾಗಿತ್ತು; ಮೊಲಗಳ ಮನೆಯಿಂದ ಅದು ದೂರ ಹೋಗಲಾರದು. ರೋಗಿಯೇ ಮದ್ದಿನ ಬಳಿಗೆ ಹೋಗಬೇಕು. ೧೯೧೧ರಲ್ಲಿ ಸೆಂಪಲನು ಕಾರ್ಬಾಲಿಕ್ ಆಮ್ಲವನ್ನು ಸೇರಿಸಿ ವಿಷವನ್ನು ಕೊಂದು ಮಾಡಿದ ಲಸಿಕೆಯನ್ನು ಬಳಕೆಗೆ ತಂದನು. ಇದನ್ನು ಸೀಸೆಯಲ್ಲಿ ತುಂಬಿ ಅಂಚೆಯಲ್ಲಿಯೂ ರೈಲಿನಲ್ಲಿಯೂ ಕಳುಹಿಸಬಹುದಾಯಿತು. ಮುಂದಿನ ದಶಕಗಳಲ್ಲಿ ಚಿಕಿತ್ಸೆ ಕ್ರಮಕ್ರಮವಾಗಿ ಜಿಲ್ಲೆಯ ಆಸ್ಪತ್ರೆಗಳಿಗೆ ಇಳಿದುಬಂತು. ರೋಗಿ ಮದ್ದನ್ನು ಹುಡುಕಿಕೊಂಡು ಹೋಗುತ್ತಿದ್ದ ಕಾಲ ಕಳೆದು, ಮದ್ದೇ ರೋಗಿಯ ಊರಿಗೆ ಪ್ರಯಾಣ ಮಾಡುವ ಕಾಲ ಬಂದಿತು. ಪಾಶ್ಚರನ ಸಂಶೋಧನೆಯ ಪಕ್ಕದಲ್ಲಿ ಇದು ಸಣ್ಣದಾಗಿ ಕಾಣಬಹುದು. ಬಡವರ ದೃಷ್ಟಿಯಿಂದ ಸಣ್ಣದಲ್ಲ.

ಆ ಲಸಿಕೆಗೆ ದೋಷಗಳಿಲ್ಲದಿರಲಿಲ್ಲ. ಅದನ್ನು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದರು. ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಹಾಕುತ್ತಿದ್ದ ಹದಿನಾಲ್ಕು ಚುಚ್ಚುಮದ್ದುಗಳ ಭಯ ಇಂದಿಗೂ ಹಿರಿಯರ ಮಾತಿನಲ್ಲಿ ಉಳಿದಿದೆ. ಅಪರೂಪವಾಗಿ ಕೆಲವರಿಗೆ ಅದರಿಂದ ಅಂಗಗಳು ಸೋಲುತ್ತಿದ್ದುದೂ ಉಂಟು. ೨೦೦೫ನೆಯ ಇಸವಿಯ ಹೊತ್ತಿಗೆ ಭಾರತದಲ್ಲಿ ಅದರ ಬಳಕೆ ನಿಂತಿತು. ಆದರೆ ಅದರ ಭಯ ಮಾತ್ರ ನಿಲ್ಲದೆ, ಈಗಲೂ ಕೆಲವರನ್ನು ಆಸ್ಪತ್ರೆಯಿಂದ ದೂರವಿಡುತ್ತಿದೆ. ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ. ನಾಲ್ಕೈದು ಬಾರಿಯ ಸಾಮಾನ್ಯವಾದ ಚುಚ್ಚುಮದ್ದು, ಅಷ್ಟೆ.

ಈ ಹೊಸ ಚಿಕಿತ್ಸೆಯ ಎರಡು ಅಂಗಗಳೂ ತೋಳ ಕಚ್ಚಿದವರಿಂದಲೇ ಸ್ಥಿರಪಟ್ಟವೆಂಬುದು ಇತಿಹಾಸದ ಒಂದು ವೈಚಿತ್ರ್ಯ. ಚುಚ್ಚಿದ ಲಸಿಕೆ ದೇಹದಲ್ಲಿ ರಕ್ಷಣೆಯನ್ನು ಹುಟ್ಟಿಸಲು ಒಂದೆರಡು ವಾರ ಬೇಕು. ತಲೆಗೆ ಕಡಿತವಾದವರಿಗೆ ಅಷ್ಟು ವ್ಯವಧಾನವಿಲ್ಲ. ೧೯೫೪ರಲ್ಲಿ ಇರಾನ್ ದೇಶದ ಸಹ್ನೆ ಎಂಬಲ್ಲಿ ಒಂದೇ ರಾತ್ರಿ ಹುಚ್ಚುತೋಳವೊಂದು ಇಪ್ಪತ್ತೈದಕ್ಕೂ ಹೆಚ್ಚು ಜನರನ್ನು ಕಚ್ಚಿತು. ಅವರನ್ನು ಟೆಹರಾನಿನ ಪಾಶ್ಚರ್ ಸಂಸ್ಥೆಯವರು ಉಪಚರಿಸಿದರು. ತಲೆಗೆ ಗಾಯವಾದ ಹದಿನೆಂಟು ಮಂದಿಯಲ್ಲಿ, ಲಸಿಕೆಯೊಡನೆ ಸಿದ್ಧವಾದ ಪ್ರತಿವಿಷದ ಸೀರಮನ್ನೂ ಪಡೆದ ಹದಿಮೂವರಲ್ಲಿ ಒಬ್ಬನು ಸತ್ತನು. ಲಸಿಕೆಯನ್ನು ಮಾತ್ರ ಪಡೆದ ಐವರಲ್ಲಿ ಮೂವರು ಸತ್ತರು. ಲಸಿಕೆ ಸೇನೆಯನ್ನು ಕೂಡಿಸುವವರೆಗೆ ಸೀರಮ್ಮು ಕೋಟೆಯ ಬಾಗಿಲನ್ನು ಕಾಯುತ್ತದೆ. ಇಂದು ಆಳವಾದ ಕಡಿತಗಳಿಗೆ ಗಾಯದ ಒಳಗೂ ಸುತ್ತಲೂ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಎಂಬುದು ಈ ಸೀರಮ್ಮಿನ ವಂಶದ್ದೇ. ಅದೇ ದೇಶದಲ್ಲಿ ಹುಚ್ಚುತೋಳ ಮತ್ತು ಹುಚ್ಚುನಾಯಿಗಳು ಕಚ್ಚಿದ ೪೫ ಮಂದಿಗೆ, ಮೆದುಳಿನ ಸೋಂಕಿಲ್ಲದೆ ಜೀವಕೋಶಗಳಲ್ಲಿ ಬೆಳೆಸಿದ ಹೊಸ ಲಸಿಕೆಯನ್ನೂ ಸೀರಮನ್ನೂ ಕೊಟ್ಟು ನೋಡಿದ ಫಲವು ೧೯೭೬ರಲ್ಲಿ ಪ್ರಕಟವಾಯಿತು. ನಲವತ್ತೈದು ಮಂದಿಯೂ ಬದುಕಿದ್ದರು.

ಹೀಗೆ ಮದ್ದು ಬಲಿಯಿತು, ಹತ್ತಿರವೂ ಬಂದಿತು. ಆದರೂ ಭಾರತದಲ್ಲಿ ಪ್ರತಿವರ್ಷ ಸುಮಾರು ೯೧ ಲಕ್ಷ ಪ್ರಾಣಿಗಳ ಕಡಿತಗಳೂ, ಹುಚ್ಚುನಾಯಿ ರೋಗದಿಂದ ಸುಮಾರು ೫,೭೦೦ ಮರಣಗಳೂ ಆಗುತ್ತವೆಂದು ೨೦೨೪ರಲ್ಲಿ ಪ್ರಕಟವಾದ ಒಂದು ದೇಶವ್ಯಾಪಿ ಸಮೀಕ್ಷೆ ಅಂದಾಜು ಮಾಡಿದೆ. ರೋಗವೇ ಇಲ್ಲದ ದೇಶಗಳ ಪ್ರಯಾಣಿಕರ ಅಪಾಯ ಇನ್ನೊಂದು ಬಗೆಯದು. ಅವರಿಗೆ ಇದರ ಭಯವೇ ಮರೆತುಹೋಗಿದೆ. ೨೦೧೯ರಲ್ಲಿ ನಾರ್ವೆ ದೇಶದ ಒಬ್ಬ ತರುಣಿ ಫಿಲಿಪ್ಪೀನ್ಸ್ ದ್ವೀಪಗಳಿಗೆ ವಿಹಾರಕ್ಕೆ ಹೋಗಿದ್ದಳು. ಬೀದಿಯಲ್ಲಿ ಅನಾಥವಾಗಿದ್ದ ಒಂದು ನಾಯಿಮರಿಯನ್ನು ಮರುಕದಿಂದ ಎತ್ತಿಕೊಂಡು ಸಾಕಿದಳು. ಆಟದಲ್ಲಿ ಮರಿಯ ಹಲ್ಲು ಸ್ವಲ್ಪ ತಗುಲಿತು. ಗಾಯಗಳನ್ನು ತೊಳೆದುಕೊಂಡಳಾದರೂ, ಅಷ್ಟಕ್ಕೆ ಲಸಿಕೆ ಬೇಕೆಂದು ಯಾರಿಗೂ ತೋರಲಿಲ್ಲ. ಊರಿಗೆ ಹಿಂದಿರುಗಿದ ಮೇಲೆ ಕಾಯಿಲೆಯಾಗಿ ಮೇ ತಿಂಗಳಲ್ಲಿ ತೀರಿಕೊಂಡಳು. ರಿಚ್‌ಮಂಡಿನ ಡ್ಯೂಕನಿಗೂ ಈ ತರುಣಿಗೂ ಎರಡು ನೂರು ವರ್ಷಗಳ ಅಂತರ. ಸಾಕಿದ ಪ್ರಾಣಿ, ಸಣ್ಣ ಗಾಯ, ಮುಂದುವರಿದ ಪ್ರಯಾಣ ಇವು ಇಬ್ಬರ ಕಥೆಯಲ್ಲಿಯೂ ಒಂದೇ. ಆದರೆ ಡ್ಯೂಕನ ಕಾಲದಲ್ಲಿ ಮದ್ದಿರಲಿಲ್ಲ. ಇವಳ ಕಾಲದಲ್ಲಿ ಇತ್ತು.

ಆದಕಾರಣ, ಇತಿಹಾಸದಿಂದ ಹೊರಡುವ ಬುದ್ಧಿವಾದವನ್ನು, ಇಂದಿನ ವೈದ್ಯರು ಒಪ್ಪಿರುವ ಕ್ರಮದಲ್ಲಿಯೇ, ಸಂಗ್ರಹವಾಗಿ ಹೇಳುತ್ತೇವೆ.

ಮೊದಲನೆಯದು ನೀರು. ಕಡಿತವಾದ ಕೂಡಲೇ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಪೂರಾ ಹದಿನೈದು ನಿಮಿಷ ತೊಳೆಯಬೇಕು. ಕಾದ ಕಬ್ಬಿಣದಿಂದಲೂ ಕಾದ ತುಪ್ಪದಿಂದಲೂ ಪೂರ್ವಿಕರು ಸಾಧಿಸಲು ಹೊರಟದ್ದನ್ನು, ನೋವಿಲ್ಲದೆ ಇನ್ನೂ ಚೆನ್ನಾಗಿ ಇದು ಸಾಧಿಸುತ್ತದೆ; ವಿಷ ನರವನ್ನು ಹಿಡಿಯುವುದಕ್ಕೆ ಮೊದಲೇ ಅದರ ಬಹುಭಾಗವನ್ನು ಕೊಚ್ಚಿಹಾಕುತ್ತದೆ. ರೈಲ್ವೆ ನಿಲ್ದಾಣದ ನಲ್ಲಿಯಾದರೂ ಆದೀತು, ಹಳ್ಳಿಯ ಬಾವಿಕಟ್ಟೆಯಾದರೂ ಆದೀತು. ಮೆಣಸಿನಪುಡಿ, ಸುಣ್ಣ, ಅರಿಸಿನ, ಎಣ್ಣೆ ಇವನ್ನು ಗಾಯಕ್ಕೆ ಮೆತ್ತಕೂಡದು.

ಎರಡನೆಯದು, ಅದೇ ದಿನ, ಇರುವ ಊರಿನಲ್ಲಿಯೇ, ಆಸ್ಪತ್ರೆಗೆ ಹೋಗಬೇಕು. ಲಸಿಕೆಯ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಮೆ ಒಂದೇ ಆದ್ದರಿಂದ, ಮೊದಲನೆಯದನ್ನು ಒಂದು ಊರಿನಲ್ಲಿ ಹಾಕಿಸಿಕೊಂಡು ಚೀಟಿಯನ್ನು ಜೋಪಾನವಾಗಿಟ್ಟುಕೊಂಡರೆ, ಮೂರನೆಯ ದಿನದ್ದನ್ನೂ ಏಳನೆಯ ದಿನದ್ದನ್ನೂ ಮುಂದಿನವುಗಳನ್ನೂ ದಾರಿಯ ಬೇರೆ ಊರುಗಳಲ್ಲಿ ಹಾಕಿಸಿಕೊಳ್ಳಬಹುದು. ಪ್ರಯಾಣ ಕೆಡುವುದಿಲ್ಲ. ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ ಎಂದು ತಾವಾಗಿಯೇ ವೈದ್ಯರನ್ನು ಕೇಳಬೇಕು. ಅದನ್ನು ಮೊದಲ ದಿನವೇ ಹಾಕಿಸುವುದು ಉತ್ತಮ. ಮೊದಲ ಲಸಿಕೆಯಾಗಿ ಏಳು ದಿನ ಕಳೆದ ಮೇಲೆ ಅದನ್ನು ಕೊಡುವುದಿಲ್ಲ.

ಮೂರನೆಯದು, ಪ್ರಾಣಿಯ ವಿಚಾರ. ನಾಯಿ ಅಥವಾ ಬೆಕ್ಕು ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವಿಷವಿರಲಿಲ್ಲವೆಂದು ತಿಳಿಯಬಹುದು. ಆಗ ವೈದ್ಯರ ಮಾತಿನಂತೆ ಚಿಕಿತ್ಸೆಯನ್ನು ನಿಲ್ಲಿಸಬಹುದು. ಆದರೆ ಆ ಹತ್ತು ದಿನ ಚಿಕಿತ್ಸೆಯನ್ನು ಪ್ರಾರಂಭಿಸದೆ ಕಾಯುವುದಲ್ಲ. ಈ ಹೊತ್ತು ಇಲ್ಲಿ, ನಾಳೆ ಇನ್ನೊಂದೂರಿನಲ್ಲಿ ಇರುವ ಪ್ರಯಾಣಿಕನು ಬೀದಿನಾಯಿಯನ್ನು ಹತ್ತು ದಿನ ಕಾದು ನೋಡುವುದಾದರೂ ಹೇಗೆ? ಕ್ಷೇತ್ರಗಳಲ್ಲಿ ಕೈಯಿಂದ ಹಣ್ಣು ಕಸಿಯುವ ಕೋತಿಯ ಕಡಿತವನ್ನೂ, ಪರದೇಶಗಳಲ್ಲಿ ಬಾವಲಿಯ ಕಡಿತವನ್ನೂ ತಾತ್ಸಾರ ಮಾಡಬಾರದು.

ನಾಲ್ಕನೆಯದು, ಆಸ್ಪತ್ರೆಗಳು ವಿರಳವಾದ ಸೀಮೆಗಳಲ್ಲಿ ಬಹುಕಾಲ ಸಂಚರಿಸುವವರು ಹೊರಡುವ ಮೊದಲೇ ವಾರದ ಅಂತರದಲ್ಲಿ ಎರಡು ಬಾರಿ ಲಸಿಕೆ ಹಾಕಿಸಿಕೊಳ್ಳಬಹುದು. ಅಂಥವರಿಗೆ ಕಡಿತವಾದರೆ ಸೀರಮ್ಮಿನ ಅವಶ್ಯವಿಲ್ಲ. ಇನ್ನೆರಡು ಲಸಿಕೆಗಳು ಸಾಕು. ಆದರೆ ಅವರೂ ಗಾಯವನ್ನು ತೊಳೆಯಲೇಬೇಕು, ಆ ಎರಡನ್ನು ಹಾಕಿಸಿಕೊಳ್ಳಲೇಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮಲ್ಲಿದೆ. ಈ ರೋಗದಲ್ಲಿ ಕಡಿತವಾದ ದಿನ ಬೆಂಕಿ ಇನ್ನೂ ಮನೆಯನ್ನು ಮುಟ್ಟಿರುವುದಿಲ್ಲ. ಅದು ಬೀದಿಯ ತುದಿಯಲ್ಲಿರುತ್ತದೆ. ಬಾವಿಯನ್ನು ಪಾಶ್ಚರನೂ ಸೆಂಪಲನೂ ಟೆಹರಾನಿನ ವೈದ್ಯರೂ ನಮಗಾಗಿ ಆಗಲೇ ತೋಡಿಟ್ಟಿದ್ದಾರೆ. ಸ್ಮೊಲೆನ್ಸ್ಕಿನ ರೈತರು ಭಾಷೆ ತಿಳಿಯದ ದೇಶಕ್ಕೆ ಒಂದು ಹೆಸರನ್ನು ನಂಬಿಕೊಂಡು ಬಹುದೂರದ ದಾರಿ ಸವೆಸಿದರು. ನಮ್ಮಲ್ಲಿ ಬಹುಮಂದಿಗೆ ಇಂದು ಆ ದಾರಿ ಒಂದು ಗಂಟೆಯದು. ಅಷ್ಟು ದೂರವನ್ನು ನಡೆಯುವ ಕೆಲಸವೊಂದನ್ನು ಮಾತ್ರ ಯಾವ ವಿಜ್ಞಾನಿಯೂ ನಮಗೋಸ್ಕರ ಮಾಡಲಾರನು. ಅದನ್ನು ನಾವೇ ಮಾಡಬೇಕು, ಅದೂ ಅದೇ ದಿನ ಮಾಡಬೇಕು.